ಮೂರು ದಿನ ಕರೆಂಟಿಲ್ಲದ ಮಳೆಗಾಲಕ್ಕೆ ಮಲೆನಾಡಿನ ಮನೆ ಸಜ್ಜು ಮಾಡುವ ಕ್ರಮ

ಇನ್ವರ್ಟರ್ ಇದ್ದೂ ಎರಡನೇ ರಾತ್ರಿಗೆ ಮನೆ ಕತ್ತಲಾಗುವುದು ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಪ್ರತಿ ಜುಲೈಯ ಪಾಡು. ಬ್ಯಾಟರಿ ಹಾಳಾಗಿದೆ ಎಂದು ಹೊಸದು ತರುತ್ತಾರೆ, ಮುಂದಿನ ವರ್ಷ ಮತ್ತೆ ಅದೇ ಗತಿ. ಪೇಟೆಯಲ್ಲಿ ಎರಡು ತಾಸು ಹೋಗಿ ಬರುವ ಕರೆಂಟಿನ ಲೆಕ್ಕಕ್ಕೆ ಮಾಡಿದ ವ್ಯವಸ್ಥೆಯನ್ನು, ಲೈನ್ ಮೇಲೆ ಮರ ಬಿದ್ದು ಮೂರು ದಿನ ಕಾಯಬೇಕಾದ ಊರಿಗೆ ತಂದು ಕೂರಿಸಿದರೆ ಹೀಗೇ ಆಗುವುದು. ಬ್ಯಾಟರಿ ಎಷ್ಟು ದೊಡ್ಡದೆಂದು ಎಲ್ಲರೂ ಕೇಳುತ್ತಾರೆ. ಅದು ತುಂಬುವುದು ಯಾವಾಗ ಎಂದು ಕೇಳುವವರು ಕಡಿಮೆ.

ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಮೊದಲ ಎರಡಕ್ಕೆ ಏಪ್ರಿಲ್–ಮೇ ತಿಂಗಳೇ ಸರಿ. ರೋಹಿಣಿ ಮಳೆ ಶುರುವಾದ ಮೇಲೆ ಎಲೆಕ್ಟ್ರಿಷಿಯನ್ ಕೈಗೆ ಸಿಗುವುದು ಕಷ್ಟ. ಉಳಿದದ್ದು ಮೃಗಶಿರ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ ಮುಗಿಯಬೇಕು.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಬ್ಯಾಟರಿ ನೀರಿನ ಸಾಂದ್ರತೆ ನೋಡುವ ಹೈಡ್ರೋಮೀಟರ್, 5 ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನ್, ಬ್ಯಾಟರಿ ಟರ್ಮಿನಲ್‌ಗೆ ಹೊಂದುವ ಸ್ಪ್ಯಾನರ್, ವ್ಯಾಸಲೀನ್, ಇನ್ಸುಲೇಷನ್ ಟೇಪ್, ಒಣ ರಬ್ಬರ್ ಚಪ್ಪಲಿ, ತಲೆಗೆ ಕಟ್ಟುವ ಟಾರ್ಚು. ಇವುಗಳಲ್ಲಿ ಮಲ್ಟಿಮೀಟರ್ ಒಂದನ್ನು ಬಿಡಬೇಡಿ. ನಿಯಾನ್ ಟೆಸ್ಟರ್ ಉರಿಯಿತೆಂದರೆ ಕರೆಂಟು ಇದೆ ಎಂದು ಮಾತ್ರ ಗೊತ್ತಾಗುತ್ತದೆ. 230 ವೋಲ್ಟೋ 140 ವೋಲ್ಟೋ ಎಂದು ಅದು ಹೇಳುವುದಿಲ್ಲ. ಮಳೆಗಾಲದಲ್ಲಿ ನಮಗೆ ಬೇಕಾದದ್ದು ಆ ಅಂಕಿಯೇ.

ಹಂತ 1: ಕಂಬದಿಂದ ಮೀಟರ್‌ವರೆಗೆ

ಊರಿಗೆಲ್ಲ ಕರೆಂಟು ಬಂದು ನಿಮ್ಮ ಮನೆಗೆ ಮಾತ್ರ ಬಾರದಿದ್ದರೆ ತೊಂದರೆ ಸಾಮಾನ್ಯವಾಗಿ ಸರ್ವಿಸ್ ವೈರ್‌ನಲ್ಲಿ ಇರುತ್ತದೆ. ಕಂಬದಿಂದ ಮನೆಯವರೆಗೆ ಅದರ ಕೆಳಗೇ ನಡೆದು ನೋಡಿ. ಅಡಿಕೆ ಮರಕ್ಕೆ ಉಜ್ಜುತ್ತಿದೆಯೇ, ತಗಡಿನ ಅಂಚಿಗೆ ತಾಗಿದೆಯೇ, ನಡುವೆ ಟೇಪ್ ಸುತ್ತಿದ ಜೋಡಣೆ ಇದೆಯೇ? ಗಾಳಿಗೆ ಉಜ್ಜಿ ಹೊದಿಕೆ ಸವೆದ ವೈರು ತಗಡಿಗೆ ತಾಗಿದರೆ ಇಡೀ ಮಾಡಿಗೆ ಕರೆಂಟು ಹರಿಯುತ್ತದೆ. ದರಗು (ಒಣಗಿದ ಎಲೆ) ಗುಡಿಸಲು ಹತ್ತಿದವರಿಗೆ ಅದು ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಆಮೇಲೆ ವೈರು ಗೋಡೆಯೊಳಗೆ ಹೋಗುವ ಜಾಗ ನೋಡಿ. ಪೈಪಿನ ಬಾಯಿ ಮೇಲ್ಮುಖವಾಗಿದ್ದರೆ ಮಳೆನೀರು ವೈರಿನ ಗುಂಟ ಇಳಿದು ನೇರ ಮೀಟರ್ ಬೋರ್ಡಿಗೆ ಬರುತ್ತದೆ. ಬಾಯಿ ಕೆಳಮುಖವಾಗಿರಬೇಕು, ವೈರು ಒಳಹೋಗುವ ಮೊದಲು ಒಂದು ಗೇಣು ಕೆಳಗೆ ಬಾಗಿ ಮತ್ತೆ ಮೇಲೇರಬೇಕು. ನೀರು ಆ ಬಾಗಿನ ತುದಿಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮೀಟರ್‌ಗಿಂತ ಮುಂಚಿನ ವೈರನ್ನು ನೀವಾಗಲಿ ಖಾಸಗಿ ಎಲೆಕ್ಟ್ರಿಷಿಯನ್ ಆಗಲಿ ಮುಟ್ಟುವಂತಿಲ್ಲ. ಕರೆಂಟು ಪೂರೈಸುವ ಮೆಸ್ಕಾಂ ಕಂಪನಿಯ ಸೆಕ್ಷನ್ ಆಫೀಸಿಗೆ ಬರೆದು ಕೊಡಿ.

ಲೈನಿಗೆ ಬಾಗಿದ ಕೊಂಬೆಗಳದ್ದೂ ಇದೇ ಮಾತು. ಅಕೇಶಿಯಾ ಮತ್ತು ಬಿದಿರಿನ ಮೇಲೆ ಹೆಚ್ಚು ಕಣ್ಣಿಡಿ: ಅಕೇಶಿಯಾ ಬೇರು ಆಳಕ್ಕಿಳಿಯದೆ ಬುಡಸಮೇತ ಮಗುಚುತ್ತದೆ, ಬಿದಿರು ಮಳೆಯ ಭಾರಕ್ಕೆ ತಂತಿಯ ಮೇಲೇ ಒರಗುತ್ತದೆ. ಕತ್ತಿ ಕಟ್ಟಿದ ಗಳದಿಂದ ನೀವೇ ಸವರಲು ಹೋಗಬೇಡಿ. ಲೈನ್ ಆಫ್ ಮಾಡಿಸಿ ಕಡಿಸುವುದು ಇಲಾಖೆಯ ಕೆಲಸ, ಮರ ಅರಣ್ಯ ಇಲಾಖೆಯದ್ದಾದರೆ ಅವರ ಒಪ್ಪಿಗೆಯೂ ಬೇಕು. ಮೇ ಕೊನೆಯಲ್ಲಿ ಕೊಟ್ಟ ಅರ್ಜಿಗೆ ಮಳೆಗೆ ಮುಂಚೆ ಕತ್ತಿ ತಾಗುವುದು ಅಪರೂಪ. ಆದ್ದರಿಂದ ಏಪ್ರಿಲ್‌ನಲ್ಲೇ ಕೊಡಿ.

ಹಂತ 2: ಅರ್ಥಿಂಗ್ ಮತ್ತು ಆರ್‌ಸಿಸಿಬಿ

ಮಲೆನಾಡಿನ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಗೋಡೆ ಮುಟ್ಟಿದರೆ ಜುಂ ಎನ್ನುವುದು, ಬಚ್ಚಲ ನಲ್ಲಿ ಚುಚ್ಚುವುದು ಇವೆಲ್ಲ ಒದ್ದೆ ಗೋಡೆಯೊಳಗಿನ ಹಳೆಯ ವೈರು ಸೋರುತ್ತಿರುವ ಗುರುತು. ಮಳೆಗಾಲದಲ್ಲಿ ಇದೆಲ್ಲ ಮಾಮೂಲು ಎಂದು ಬಿಡುವುದೇ ದೊಡ್ಡ ತಪ್ಪು.

ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್) ಇದೆಯಲ್ಲ ಎಂದು ಸುಮ್ಮನಿರಬೇಡಿ. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಅದರ ಮೇಲಿನ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ.

ಇನ್ವರ್ಟರ್ ಕೂರಿಸಿದ ಮರುದಿನದಿಂದ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆ ಎಂಬ ದೂರು ಸಾಮಾನ್ಯ. ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಬೇರೆ ಲೈನಿನ ನ್ಯೂಟ್ರಲ್ ಜೊತೆ ಕೂಡಿಸಿದ್ದೇ ಇದಕ್ಕೆ ಬಹುಪಾಲು ಕಾರಣ. ಎರಡನ್ನೂ ಬೇರ್ಪಡಿಸಿದರೆ ಸರಿಯಾಗುತ್ತದೆ. ಆದರೆ ಸುಲಭದ ದಾರಿ ಹಿಡಿದು ಆರ್‌ಸಿಸಿಬಿಯನ್ನೇ ತೆಗೆದು ನೇರ ಜೋಡಿಸಿಬಿಡುವವರಿದ್ದಾರೆ. ಅದಕ್ಕೆ ಒಪ್ಪಬೇಡಿ.

ಅರ್ಥ್ ಗುಂಡಿಯನ್ನು ಮೇ ತಿಂಗಳಲ್ಲೇ ಅಳತೆ ಮಾಡಿಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಕಾದು ಒಣಗಿರುತ್ತದೆ. ಆಗಲೇ 5 ಓಮ್ ಒಳಗೆ ಬಂದರೆ ಮಳೆಗಾಲಕ್ಕೆ ಚಿಂತೆಯಿಲ್ಲ. ಜುಲೈಯಲ್ಲಿ ಅಳೆದರೆ ಕೆಟ್ಟ ಗುಂಡಿಯೂ ಒಳ್ಳೆಯ ಅಂಕಿ ತೋರಿಸುತ್ತದೆ.

ಹಂತ 3: ಖರ್ಚಿನ ಲೆಕ್ಕ

ಇಲ್ಲಿ ಕಾಗದ ಪೆನ್ನು ಹಿಡಿಯಲೇಬೇಕು. 12 ವೋಲ್ಟ್, 150 ಎಎಚ್ (ಆಂಪ್-ತಾಸು) ಬ್ಯಾಟರಿಯಲ್ಲಿ ಹೆಸರಿಗೆ 1800 ವ್ಯಾಟ್-ತಾಸು ಇದೆ. ಬ್ಯಾಟರಿ ಬಾಳಬೇಕಾದರೆ ಅದರ ಶೇಕಡಾ 60ಕ್ಕಿಂತ ಹೆಚ್ಚು ಹೀರಬಾರದು. ಅಲ್ಲಿಗೆ 1080. ಇನ್ವರ್ಟರ್ ಒಳಗೆ ಐದರಲ್ಲೊಂದು ಪಾಲು ಶಾಖವಾಗಿ ಹೋಗುತ್ತದೆ. ಕೈಗೆ ಸಿಗುವುದು ಸುಮಾರು 860.

ದಿನದ ಖರ್ಚು: 9 ವ್ಯಾಟಿನ ನಾಲ್ಕು ಎಲ್ಇಡಿ ಬಲ್ಬು ಐದು ತಾಸಿಗೆ 180. ಇಂಟರ್ನೆಟ್ ಪೆಟ್ಟಿಗೆ ನಾಲ್ಕು ತಾಸಿಗೆ 40. ಮೂರು ಫೋನು 45. ಮಿಕ್ಸಿ ಆರು ನಿಮಿಷಕ್ಕೆ 50. ಟಿವಿ ಒಂದು ತಾಸಿಗೆ 50. ಒಟ್ಟು 365. ಜುಲೈಯಲ್ಲಿ ಫ್ಯಾನು ಬೇಕೆನ್ನುವವರು ಹೊದಿಕೆ ತೆಗೆದು ನೋಡಲಿ.

ಈಗ ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು. ಏನೂ ಉರಿಸದೆ ಸುಮ್ಮನೆ ಆನ್ ಇದ್ದರೂ ಇನ್ವರ್ಟರ್ ತನ್ನ ಪಾಡಿಗೆ 15 ವ್ಯಾಟಿನಷ್ಟು ತಿನ್ನುತ್ತದೆ. ನಡುವೆ ಮೂರು ತಾಸು ಬಂದುಹೋಗಿ, ದಿನಕ್ಕೆ 21 ತಾಸು ಕರೆಂಟಿಲ್ಲದಿದ್ದರೆ ಅದೇ 315. ನೀವು ಉರಿಸಿದಷ್ಟೇ ಇನ್ನೊಂದು ಪಾಲು!

ಬರುವ ಕರೆಂಟನ್ನೂ ಅಳೆಯೋಣ. ದಿನಕ್ಕೆ ಮೂರು ತಾಸು ಬಂತು, ಚಾರ್ಜರ್ 15 ಆಂಪ್ ಕೊಟ್ಟಿತು ಎನ್ನಿ. 45 ಎಎಚ್ ಒಳಹೋಗಿ, ನಷ್ಟ ಕಳೆದು ನಿಮಗೆ ವಾಪಸ್ ಸಿಗುವುದು ಸುಮಾರು 365. ಇನ್ವರ್ಟರ್ ಸದಾ ಆನ್ ಇದ್ದರೆ ದಿನದ ಖರ್ಚು 680: ಮೊದಲ ದಿನದ ಕೊನೆಗೆ 180 ಉಳಿದು, 365 ಸೇರಿ 545 ಆಗಿ, ಎರಡನೇ ರಾತ್ರಿ ನಡುವೆ ಬರಿದಾಗುತ್ತದೆ. ಬೇಕಾದ ಐದು ತಾಸು ಮಾತ್ರ ಆನ್ ಮಾಡಿದರೆ ದಿನದ ಖರ್ಚು 440ಕ್ಕೆ ಇಳಿದು, ಅದೇ ಬ್ಯಾಟರಿ ಮೂರು ದಿನ ದಾಟುತ್ತದೆ. ಖರ್ಚಾದದ್ದು ಒಂದು ಸ್ವಿಚ್ ಒತ್ತುವ ಶ್ರಮ.

ಹೆಚ್ಚಿನ ಇನ್ವರ್ಟರ್‌ಗಳಲ್ಲಿ ಮುಂಭಾಗದ ಸ್ವಿಚ್ ಆಫ್ ಇದ್ದರೂ ಕರೆಂಟು ಬಂದಾಗ ಬ್ಯಾಟರಿ ಚಾರ್ಜ್ ಆಗುತ್ತದೆ. ನಿಮ್ಮದರಲ್ಲೂ ಹಾಗೆಯೇ ಎಂದು ಈಗಲೇ ಖಾತ್ರಿ ಮಾಡಿಕೊಳ್ಳಿ.

ಹಂತ 4: ಇನ್ವರ್ಟರ್ ಮತ್ತು ಬ್ಯಾಟರಿ

ಮೊದಲು ಹಳೆಯ ಬ್ಯಾಟರಿಯ ಪರೀಕ್ಷೆ. ಪೂರ್ತಿ ಚಾರ್ಜ್ ಮಾಡಿ, ಕೆಲವು ತಾಸು ಬಿಟ್ಟು, ತಂತಿ ಬಿಚ್ಚಿ ಅಳೆದರೆ 12.6 ವೋಲ್ಟ್ ಆಸುಪಾಸು ಇರಬೇಕು. ಆರೂ ಕೋಣೆಗಳ ಸಾಂದ್ರತೆ ಟ್ಯುಬ್ಯುಲರ್ ಬ್ಯಾಟರಿಯಲ್ಲಿ 1.240 ಹತ್ತಿರ ಇರಬೇಕು. ಒಂದೇ ಕೋಣೆ ಉಳಿದವಕ್ಕಿಂತ 0.030ಕ್ಕೂ ಹೆಚ್ಚು ಕೆಳಗಿದ್ದರೆ ಆ ಕೋಣೆ ಹೋಗಿದೆ. ನೀರು ಹೊಯ್ದರೆ ಅದು ಬದುಕುವುದಿಲ್ಲ. ಆಮೇಲೆ ಮೇನ್ ಆಫ್ ಮಾಡಿ 100 ವ್ಯಾಟಿನಷ್ಟು ಲೋಡ್ ಹಾಕಿ, 11.8 ವೋಲ್ಟಿಗೆ ಇಳಿಯುವವರೆಗೆ ಗಡಿಯಾರ ನೋಡಿ. ಒಳ್ಳೆಯ 150 ಎಎಚ್ ಬ್ಯಾಟರಿ ಎಂಟು ತಾಸಿನ ಮೇಲೆ ಎಳೆಯುತ್ತದೆ. ನಾಲ್ಕು ತಾಸೂ ಬಾರದಿದ್ದರೆ ಈ ಮಳೆಗಾಲಕ್ಕೆ ಅದನ್ನು ನಂಬಬೇಡಿ.

ನೀರು ಹಾಕುವುದು ಚಾರ್ಜ್ ಆದ ಮೇಲೆ, ಏಕೆಂದರೆ ಚಾರ್ಜ್ ಆಗುವಾಗ ಮಟ್ಟ ಏರುತ್ತದೆ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಟರ್ಮಿನಲ್ ತಿನ್ನುತ್ತದೆ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ, ಅದು ಮುಳುಗುವಷ್ಟು ಮೊದಲೇ ಹಾಕಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಸಲ್ಲದು. ಮಳೆನೀರು ಶುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಹೆಂಚಿನ ಪಾಚಿ, ತಗಡಿನ ತುಕ್ಕು ತೊಳೆದುಕೊಂಡು ಬಂದ ನೀರು ಅದು.

ಟರ್ಮಿನಲ್ ಮೇಲೆ ಬಿಳಿ-ಹಸಿರು ಹುಡಿ ಕಟ್ಟಿದ್ದರೆ ಕಪ್ಪು ತಂತಿಯನ್ನು ಮೊದಲು ಬಿಚ್ಚಿ, ಕೆಂಪನ್ನು ಆಮೇಲೆ. ಬಿಸಿನೀರಿಗೆ ಅಡುಗೆ ಸೋಡ ಹಾಕಿ ಉಜ್ಜಿ, ಒರೆಸಿ, ಬಿಗಿ ಮಾಡಿ, ವ್ಯಾಸಲೀನ್ ಬಳಿಯಿರಿ. ಸೋಡ ನೀರು ಬ್ಯಾಟರಿ ಮುಚ್ಚಳದೊಳಗೆ ಹೋಗದಿರಲಿ. ಜೋಡಿಸುವಾಗ ಕೆಂಪು ಮೊದಲು.

ಬ್ಯಾಟರಿಯನ್ನು ಮರದ ಹಲಗೆಯ ಮೇಲೆ, ಗಾಳಿಯಾಡುವ ಕಡೆ ಇಡಿ. ಬಚ್ಚಲ ಒಲೆಯ ಹತ್ತಿರವೂ ಬೇಡ, ದೇವರ ದೀಪದ ಕೆಳಗೂ ಬೇಡ: ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಕಿಡಿಗೆ ಹೊತ್ತಿಕೊಳ್ಳುತ್ತದೆ. ಇನ್ವರ್ಟರ್ ಹಿಂದಿನ ಫ್ಯಾನಿನಲ್ಲಿ ಇರುವೆ ಗೂಡು, ತಂತಿಯಲ್ಲಿ ಇಲಿ ಕಡಿತ ಇದೆಯೇ ನೋಡಿ.

ಇನ್ನು ತುಂಬಿಸುವ ಮಾತು. ಇನ್ವರ್ಟರ್ ಹಿಂದೆಯೋ ಮುಂದೆಯೋ ‘ಯುಪಿಎಸ್’ ಮತ್ತು ‘ನಾರ್ಮಲ್’ (ಕೆಲವದರಲ್ಲಿ ‘ಇಕೊ’) ಎಂಬ ಸ್ವಿಚ್ ಇರುತ್ತದೆ. ಯುಪಿಎಸ್‌ನಲ್ಲಿಟ್ಟರೆ ವೋಲ್ಟೇಜ್ 180ಕ್ಕಿಂತ ಕೆಳಗಿಳಿದಾಗ ಅದು ಕರೆಂಟು ಇಲ್ಲವೆಂದೇ ತಿಳಿದು ಬ್ಯಾಟರಿಗೆ ಹಾರುತ್ತದೆ. ಲೈನಿನ ತುದಿಯ ಮನೆಗಳಿಗೆ ಸಂಜೆ ಬರುವುದೇ 150–170. ಊರಲ್ಲಿ ಕರೆಂಟಿದ್ದೂ ನಿಮ್ಮ ಬ್ಯಾಟರಿ ಖಾಲಿಯಾಗುತ್ತಿರುತ್ತದೆ! ನಾರ್ಮಲ್‌ಗೆ ತಿರುಗಿಸಿ, ಆಗ ಅದು ಕಡಿಮೆ ವೋಲ್ಟೇಜಿನಲ್ಲೂ ಚಾರ್ಜ್ ಮಾಡುತ್ತದೆ, ನಿಧಾನವಾಗಿಯಾದರೂ. ಡೆಸ್ಕ್‌ಟಾಪ್ ಕಂಪ್ಯೂಟರ್ ಇಲ್ಲದ ಮನೆಗೆ ಯುಪಿಎಸ್ ಮೋಡ್ ಬೇಕಾಗಿಯೇ ಇಲ್ಲ.

ಎರಡನೇ ಬ್ಯಾಟರಿ ಸೇರಿಸುವ ಯೋಚನೆ ಇದ್ದರೆ ನಿಲ್ಲಿ. ಅದೇ 15 ಆಂಪ್ ಚಾರ್ಜರ್‌ಗೆ ಎರಡು ಬ್ಯಾಟರಿ ತುಂಬಲು 20 ತಾಸಿನ ಮೇಲೆ ಬೇಕು. ದಿನಕ್ಕೆ ಮೂರು ತಾಸು ಬರುವ ಕಡೆ ಎರಡೂ ಅರೆಹೊಟ್ಟೆಯಲ್ಲೇ ಉಳಿಯುತ್ತವೆ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಕೂತ ಲೆಡ್ ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗಿ, ಮಳೆ ಮುಗಿಯುವ ಹೊತ್ತಿಗೆ ಬ್ಯಾಟರಿಯೂ ಮುಗಿಯುತ್ತದೆ. ಆ ದುಡ್ಡನ್ನು ಕೂಡಿಟ್ಟು, ಹೊಸದು ಕೊಳ್ಳುವ ವರ್ಷ ಹೆಚ್ಚು ಆಂಪ್ ಚಾರ್ಜರ್ ಇರುವ ಲಿಥಿಯಂ ವ್ಯವಸ್ಥೆಗೆ ಹೋಗುವುದು ಮೇಲು. ಬೆಲೆ ಹೆಚ್ಚು, ಆದರೆ ಎರಡು-ಮೂರು ತಾಸಿನಲ್ಲೇ ತುಂಬಿಕೊಳ್ಳುವ ಗುಣ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು.

ಸೋಲಾರ್? ಹತ್ತು ದಿನ ಸೂರ್ಯನನ್ನೇ ಕಾಣದ ಆಗುಂಬೆ, ಹುಲಿಕಲ್ ಕಡೆ ಪುಷ್ಯ ಮಳೆಯಲ್ಲಿ ಪ್ಯಾನಲ್‌ನಿಂದ ಬೇಸಿಗೆಯ ಕಾಲು ಭಾಗವೂ ಸಿಗುವುದು ಕಷ್ಟ. ಅದನ್ನು ಪೂರಕ ಎಂದಿಟ್ಟುಕೊಳ್ಳಿ. ಜಮೀನಿನಲ್ಲೇ ಹಳ್ಳ ಹರಿಯುವವರಿಗೆ ಬೇರೆ ದಾರಿಯಿದೆ: ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ ಪುಟ್ಟ ಟರ್ಬೈನಿನಿಂದ ಸುಮಾರು 1 ಕಿಲೋವ್ಯಾಟ್ ಸಿಗುತ್ತದೆ, ಅದೂ ಮಳೆ ಜೋರಾದಾಗಲೇ.

ಹಂತ 5: ನೀರು

ದೀಪವಿಲ್ಲದೆ ರಾತ್ರಿ ಕಳೆಯಬಹುದು. ಬೋರ್‌ವೆಲ್ ಒಂದನ್ನೇ ನಂಬಿದ ಮನೆ ನೀರಿಲ್ಲದೆ ಎರಡನೇ ದಿನ ಸೋಲುತ್ತದೆ. ಹೊರಗೆ ಧೋ ಎಂದು ಸುರಿಯುತ್ತಿರುವಾಗ ಟ್ಯಾಂಕರ್ ಕೇಳುವ ಪರಿಸ್ಥಿತಿ ಯಾರಿಗೂ ಬೇಡ.

ಐದು ಜನರ ಮನೆಗೆ ತಲೆಗೆ 60 ಲೀಟರ್ ಹಿಡಿದರೆ 1000 ಲೀಟರ್ ಟ್ಯಾಂಕು ಮೂರು ದಿನ ಬರುತ್ತದೆ. ಕೊಟ್ಟಿಗೆಯ ದನಕ್ಕೆ ಬೇರೆ ಲೆಕ್ಕ. ಕರೆಯುವ ಹಸುವಿಗೆ ದಿನಕ್ಕೆ 40–60 ಲೀಟರ್ ಬೇಕು. ಸೂರಿನ ಕೆಳಗೆ 200 ಲೀಟರಿನ ಎರಡು ಡ್ರಮ್ ಇಟ್ಟು, ಕಕ್ಕಸಿಗೆ, ನೆಲ ಒರೆಸಲು, ಕೊಟ್ಟಿಗೆ ತೊಳೆಯಲು ಅದನ್ನೇ ಬಳಸಿ. ಟ್ಯಾಂಕಿನ ಬಾಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಬಾವಿಗೆ ರಾಟೆ ಮತ್ತು ಹೊಸ ಹಗ್ಗ ಹಾಕಿ. ಪಂಪು ಬಂದ ಮೇಲೆ ರಾಟೆ ಬಿಚ್ಚಿ ಅಟ್ಟಕ್ಕೆ ಎಸೆದವರೇ ಹೆಚ್ಚು. ಗುಡ್ಡದ ಒರತೆಯಿಂದ ಪೈಪಿನಲ್ಲಿ ಅಬ್ಬಿ ನೀರು ಬರುವ ಮನೆಯವರು ಪೈಪಿನ ಬಾಯಿಗೆ ಜಾಲರಿ ಕಟ್ಟಿ. ಇಲ್ಲದಿದ್ದರೆ ಮೊದಲ ಮಳೆಯ ದರಗೇ ಪೈಪನ್ನು ಮುಚ್ಚಿಬಿಡುತ್ತದೆ. ಕುಡಿಯುವ ನೀರು ಯಾವ ಮೂಲದ್ದಾದರೂ ಕೊತಕೊತ ಕುದಿಸಿ.

ವೋಲ್ಟೇಜ್ 180ಕ್ಕಿಂತ ಕಡಿಮೆ ಇರುವಾಗ ಪಂಪು ಒತ್ತಬೇಡಿ. ಮೋಟಾರು ತಿರುಗಲಾರದೆ ಹೆಚ್ಚು ಆಂಪ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ.

ಹಂತ 6: ಅಡುಗೆ, ಫ್ರಿಜ್, ಔಷಧಿ

ಮೇ ಕೊನೆಗೆ ಎರಡನೇ ಗ್ಯಾಸ್ ಸಿಲಿಂಡರ್ ತುಂಬಿರಲಿ; ರಸ್ತೆಗೆ ಮರ ಬಿದ್ದರೆ ಗಾಡಿ ಬರುವುದಿಲ್ಲ. ಹಂಡೆ ಒಲೆಗೆ ಒಣ ಕಟ್ಟಿಗೆ, ಹೊತ್ತಿಸಲು ಅಡಿಕೆ ಹಾಳೆ, ಸೋಗೆ ಒಳಗೆ ಸೇರಿಸಿ. ಒರಳು ಕಲ್ಲು ತೊಳೆದಿಡಿ. ದೋಸೆ ಹಿಟ್ಟು ಕೆಡುವ ಚಿಂತೆ ಬೇಡ, ಆ ಚಳಿಯಲ್ಲಿ ಹುಳಿ ಬರಿಸುವುದೇ ಕಷ್ಟ. ಹಾಲು ಮಾತ್ರ ದಿನಕ್ಕೆರಡು ಸಲ ಕಾಯಿಸಿ.

ಫ್ರಿಜ್ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ತಾಸು ತಂಪು ಉಳಿಯುತ್ತದೆ. ನೀರು ತುಂಬಿದ ಬಾಟಲಿಗಳನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿಟ್ಟರೆ ಇನ್ನಷ್ಟು ಎಳೆಯಬಹುದು. ಫ್ರಿಜ್ಜನ್ನು ಇನ್ವರ್ಟರ್‌ಗೆ ಸೇರಿಸಿ ಬ್ಯಾಟರಿ ಬರಿದು ಮಾಡಬೇಡಿ.

ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ತಂಪು ಕೋಣೆಯಲ್ಲಿ ನಾಲ್ಕು ವಾರ ಇರುತ್ತದೆ (ನಿಮ್ಮದರ ಪೊಟ್ಟಣದ ಮೇಲೆ ಬರೆದದ್ದನ್ನೇ ನಂಬಿ). ಒದ್ದೆ ಮಣ್ಣಿನ ಮಡಕೆಯೊಳಗೆ ಒಣ ಡಬ್ಬಿಯಲ್ಲಿಡಿ. ಐಸ್ ಬಾಟಲಿಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಆಕ್ಸಿಜನ್ ಯಂತ್ರ ಬಳಸುವವರಿದ್ದರೆ, ಅದು 300 ವ್ಯಾಟಿನ ಮೇಲೆ ಎಳೆಯುವುದರಿಂದ ಮನೆ ಇನ್ವರ್ಟರ್ ಮೂರು ತಾಸೂ ತಡೆಯಲಾರದು, ಸಿಲಿಂಡರ್ ತಂದಿಡಿ.

ಬಟ್ಟೆ ಒಣಗಿಸುವ, ಮೈ ಕಾಯಿಸುವ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ತಲೆಭಾರ, ವಾಕರಿಕೆ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ.

ಹಂತ 7: ಜನರೇಟರ್ ಇರುವವರಿಗೆ

1 ಎಚ್‌ಪಿ ಪಂಪು ಓಡಿಸಬೇಕಾದರೆ ಕಡಿಮೆಯೆಂದರೂ 3 ಕೆವಿಎ ಬೇಕು, ಏಕೆಂದರೆ ಹೊರಡುವಾಗ ಮೋಟಾರು ಹಲವು ಪಟ್ಟು ಎಳೆಯುತ್ತದೆ. ಜಗಲಿ, ಕೊಟ್ಟಿಗೆ ಎರಡೂ ಕಡೆ ಇಡಬೇಡಿ, ಹೊಗೆ ಒಳನುಗ್ಗುತ್ತದೆ. ಮನೆಯಿಂದ ಆರು ಮೀಟರ್ ಆಚೆ, ಮೇಲೆ ಮಾತ್ರ ಮರೆಯಿರುವ ಮಾಡಿನಡಿ ನಿಲ್ಲಿಸಿ.

ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಗೋಡೆಯ ಪ್ಲಗ್‌ಗೆ ಜನರೇಟರ್ ಚುಚ್ಚುವ ಅಭ್ಯಾಸ ಕೊಲೆಗೆ ಸಮ. ಆ ಕರೆಂಟು ಮೀಟರ್ ದಾಟಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ತಲೆಕೆಳಗಾಗಿ 11,000 ವೋಲ್ಟ್ ಆಗಿ ಏರಿ, ಮಳೆಯಲ್ಲಿ ಕಂಬದ ಮೇಲಿರುವ ಲೈನ್‌ಮನ್ನನ್ನು ಮುಟ್ಟುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸದೆ ಜನರೇಟರ್ ಮನೆಗೆ ಸೇರಿಸಬಾರದು.

ಹಂತ 8: ಫೋನು ಮತ್ತು ದೂರು

ಟವರ್‌ಗೂ ಬ್ಯಾಟರಿಯೇ ಆಧಾರ, ಕೆಲವು ತಾಸಿನಲ್ಲಿ ಸಿಗ್ನಲ್ ಹೋಗಬಹುದು. ಆದ್ದರಿಂದ ದೂರನ್ನು ಮೊದಲ ಅರ್ಧ ತಾಸಿನಲ್ಲೇ ಕೊಡಿ. ಮೆಸ್ಕಾಂ ಸಹಾಯವಾಣಿ 1912, ಬಿಲ್ಲಿನ ಮೇಲಿನ ಆರ್‌ಆರ್ ನಂಬರ್, ಸೆಕ್ಷನ್ ಆಫೀಸಿನ ನಂಬರ್, ಹತ್ತಿರದ ಟ್ರಾನ್ಸ್‌ಫಾರ್ಮರ್ ಗುರುತು ಇವನ್ನು ಗೋಡೆಗೆ ಬರೆದಂಟಿಸಿ. ‘ಕರೆಂಟಿಲ್ಲ’ ಎಂದಷ್ಟೇ ಹೇಳಿದರೆ ಹುಡುಕಲು ಅರ್ಧ ದಿನ ಹೋಗುತ್ತದೆ. ನಿಮ್ಮ ಮನೆಗೋ, ಕೇರಿಗೋ, ಇಡೀ ಊರಿಗೋ ಎಂದು ನೋಡಿ, ‘ಶಾಲೆಯಿಂದ ಮೂರನೇ ಕಂಬದ ಹತ್ತಿರ ಅಕೇಶಿಯಾ ಬಿದ್ದಿದೆ’ ಎಂಬಷ್ಟು ಸ್ಪಷ್ಟವಾಗಿ ಹೇಳಿ. ಬಿದಿರು ಗಳದಿಂದ ಟ್ರಾನ್ಸ್‌ಫಾರ್ಮರ್ ಫ್ಯೂಸು ಎತ್ತಿ ಹಾಕುವ ಊರ ಶೂರರನ್ನು ತಡೆಯಿರಿ, ಒದ್ದೆ ಬಿದಿರು ಕರೆಂಟು ಹರಿಸುತ್ತದೆ.

20,000 ಎಂಎಎಚ್ ಪವರ್ ಬ್ಯಾಂಕ್ ಫೋನನ್ನು ಎರಡೂವರೆ ಸಲ ತುಂಬುತ್ತದೆ. ಸೆಲ್ ಹಾಕುವ ರೇಡಿಯೊ ಒಂದಿದ್ದರೆ ಟವರ್ ಸತ್ತಾಗಲೂ ಭದ್ರಾವತಿ ಆಕಾಶವಾಣಿಯಿಂದ ಮಳೆಯ, ರಜೆಯ ಸುದ್ದಿ ಸಿಗುತ್ತದೆ.

ಹಂತ 9: ಒಂದು ದಿನದ ಪರೀಕ್ಷೆ

ಮೇ ಕೊನೆಯ ಭಾನುವಾರ ಬೆಳಿಗ್ಗೆ ಆರಕ್ಕೆ ಮೇನ್ ಆಫ್ ಮಾಡಿ, ಸೋಮವಾರ ಆರರವರೆಗೆ ಹಾಗೇ ಬಿಡಿ. ಏನು ತಪ್ಪಿತು ಬರೆದುಕೊಳ್ಳಿ. ಟಾರ್ಚಿನ ಸೆಲ್ ಸೋರಿದ್ದು, ರಾಟೆ ಜಾಮ್ ಆದದ್ದು, ಬಚ್ಚಲಿಗೆ ಇನ್ವರ್ಟರ್ ಲೈನೇ ಇಲ್ಲದ್ದು ಎಲ್ಲ ಆಗಲೇ ಹೊರಬೀಳುತ್ತವೆ.

ಹಂತ 10: ಕರೆಂಟು ಹೋದಾಗ, ಬಂದಾಗ

ಹೋದ ಕೂಡಲೇ ಫ್ರಿಜ್, ಟಿವಿ, ಪಂಪಿನ ಸ್ವಿಚ್ ಆಫ್ ಮಾಡಿ. ಗುಡುಗು ಕೇಳಿದರೆ ಪ್ಲಗ್ಗನ್ನೇ ಕೀಳಿ, ಡಿಶ್ ಕೇಬಲ್ಲನ್ನೂ. ಸಿಡಿಲಿಗೆ ಸ್ವಿಚ್ಚಿನ ಅಡ್ಡಿ ಲೆಕ್ಕಕ್ಕಿಲ್ಲ.

ಬಂದಾಗ ಒಂದೇ ಬಲ್ಬು ಉರಿಸಿ ಮಲ್ಟಿಮೀಟರ್ ಹಿಡಿಯಿರಿ. 260ರ ಮೇಲಿದ್ದರೆ ಮೇನ್ ಆಫ್ ಮಾಡಿ ಕಾಯಿರಿ. ಸರಿಯಿದ್ದರೆ ಮೊದಲು ಪಂಪು. ಬ್ಯಾಟರಿ ತನ್ನಷ್ಟಕ್ಕೆ ತುಂಬುತ್ತಿರುತ್ತದೆ. ಫ್ರಿಜ್ ಹತ್ತು ನಿಮಿಷ ಬಿಟ್ಟು. ಗೀಸರ್ ಬೇಡವೇ ಬೇಡ, ಊರೆಲ್ಲ ಗೀಸರ್ ಒತ್ತಿದ್ದಕ್ಕೇ ಟ್ರಾನ್ಸ್‌ಫಾರ್ಮರ್ ಫ್ಯೂಸು ಮತ್ತೆ ಹೋಗುವುದು.

ಅಪಾಯದ ಗುರುತುಗಳು

ಕೆಲವು ಬಲ್ಬು ಕಣ್ಣು ಕುಕ್ಕುವಂತೆ ಉರಿದು ಕೆಲವು ಮಂಕಾದರೆ ನ್ಯೂಟ್ರಲ್ ಕಡಿದಿದೆ ಎಂದು ಅರ್ಥ. 400 ವೋಲ್ಟ್‌ವರೆಗೂ ಬರಬಹುದು. ತಕ್ಷಣ ಮೇನ್ ಆಫ್ ಮಾಡಿ. ಚಾರ್ಜ್ ಆಗುವಾಗ ಬ್ಯಾಟರಿ ಕೈ ಇಡಲಾರದಷ್ಟು ಬಿಸಿಯಾದರೆ, ಕೊಳೆತ ಮೊಟ್ಟೆಯ ನಾತ ಬಂದರೆ ಚಾರ್ಜಿಂಗ್ ನಿಲ್ಲಿಸಿ, ಕಿಟಕಿ ತೆರೆಯಿರಿ.

ತಂತಿ ಹರಿದು ತೋಟದಲ್ಲೋ ದಾರಿಯಲ್ಲೋ ಬಿದ್ದಿದ್ದರೆ, ಊರಲ್ಲಿ ಕರೆಂಟಿಲ್ಲದಿದ್ದರೂ ಅದರಲ್ಲಿ ಇದೆಯೆಂದೇ ತಿಳಿಯಿರಿ. ಯಾವ ಗಳಿಗೆಯಲ್ಲೂ ಲೈನ್ ಚಾರ್ಜ್ ಮಾಡಬಹುದು. ಹತ್ತು ಮೀಟರ್ ದೂರವಿರಿ. ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ, ಪಾದ ಎತ್ತದೆ ಒಂದಕ್ಕೊಂದು ತಾಗಿಸಿಕೊಂಡು ಸಣ್ಣ ಹೆಜ್ಜೆಯಲ್ಲಿ ಹಿಂದೆ ಸರಿಯಿರಿ. ಒದ್ದೆ ನೆಲದಲ್ಲಿ ಎರಡು ಕಾಲಿನ ನಡುವೆಯೇ ವೋಲ್ಟೇಜ್ ಹುಟ್ಟುತ್ತದೆ, ನಾಲ್ಕು ಕಾಲು ದೂರ ಇರುವ ದನ ಮೊದಲು ಸಾಯುವುದು ಇದಕ್ಕೇ. ಮೇಯಲು ಬಿಟ್ಟ ದನಗಳನ್ನು ಆ ಕಡೆ ಹೋಗದಂತೆ ಕಟ್ಟಿ. 1912 ಸಿಗದಿದ್ದರೆ ಒಬ್ಬರು ಸೆಕ್ಷನ್ ಆಫೀಸಿಗೆ ಹೋಗಿ, ಇಬ್ಬರು ದಾರಿಯ ಎರಡೂ ಕಡೆ ದೂರದಲ್ಲಿ ನಿಂತು, ಲೈನ್‌ಮನ್ ಬರುವವರೆಗೆ ಶಾಲೆ ಮಕ್ಕಳನ್ನೂ ಬೈಕಿನವರನ್ನೂ ತಡೆಯಿರಿ.